ಹೊರಗೆ ತಿದ್ದಿದ ಚಿತ್ರ ಡಾಕ್ಯುಮೆಂಟಿಗೆ ವಾಪಸ್ ಬರಬೇಕಾದರೆ

ಪ್ರಶ್ನೆ: ನಮ್ಮ ಭಾಗದ ಅಡಿಕೆ ಬೆಳೆಗಾರರಿಗಾಗಿ 64 ಪುಟಗಳ ಕೈಪಿಡಿಯೊಂದನ್ನು ಲಿಬ್ರೆಆಫೀಸ್ ರೈಟರ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕೊಳೆ ಮತ್ತು ಎಲೆಚುಕ್ಕಿ ರೋಗದ 48 ಫೋಟೊ ಇವೆ. ಧಾರಣೆ ಪಟ್ಟಿ ಮತ್ತು ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಪಟ್ಟಿಯನ್ನು ಎಕ್ಸೆಲ್ ಫೈಲಿನಿಂದ ಆಬ್ಜೆಕ್ಟ್ ಆಗಿ ಸೇರಿಸಿದ್ದೇನೆ. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಚಿತ್ರ ತಿದ್ದುವ ತಂತ್ರಾಂಶವಾದ ಜಿಂಪ್‌ನಲ್ಲಿ ತೆರೆದು ತಿದ್ದಿ ಸೇವ್ ಮಾಡಿದರೂ ಡಾಕ್ಯುಮೆಂಟಿನಲ್ಲಿ ಹಳೆಯ ಚಿತ್ರವೇ ಇರುತ್ತದೆ. ಫೈಲು 210 ಎಂಬಿ ಆಗಿದೆ. ಶಿವಮೊಗ್ಗದ ಪ್ರೆಸ್‌ನಲ್ಲಿ ತೆರೆದಾಗ ಧಾರಣೆ ಪಟ್ಟಿಯಲ್ಲಿ ಹೋದ ವರ್ಷದ ಅಂಕಿ, ಕನ್ನಡದ ಜಾಗದಲ್ಲಿ ಏನೇನೋ ಗುರುತು. ನಮ್ಮ ಕಾರ್ಯದರ್ಶಿಯವರ ಬಳಿ ವರ್ಡ್ ಇದೆ, ಅದರಲ್ಲಿ ಹೊರಗಿನ ತಂತ್ರಾಂಶದಲ್ಲಿ ತಿದ್ದುವ ಆಯ್ಕೆಯೇ ಕಾಣುವುದಿಲ್ಲ. ಎಲ್ಲಿ ತಪ್ಪಾಗುತ್ತಿದೆ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವು ಬರೆದಿರುವ ತೊಂದರೆಗಳೆಲ್ಲ ಹುಟ್ಟಿರುವುದು ಒಂದೇ ಕಡೆ. ಪುಟದ ಮೇಲೆ ಕಾಣುವ ಚಿತ್ರವಾಗಲಿ ಪಟ್ಟಿಯಾಗಲಿ ಮೂರು ರೀತಿಯಲ್ಲಿ ಇರಬಹುದು. ಫೈಲಿನ ಹೊಟ್ಟೆಯೊಳಗೇ ಪೂರ್ತಿ ಕೂತಿರಬಹುದು. ಹೊರಗೆಲ್ಲೋ ಇರುವ ಫೈಲಿನ ವಿಳಾಸ ಮಾತ್ರ ಇರಬಹುದು. ಇಲ್ಲವೇ ಹಿಂದೆ ಯಾವತ್ತೋ ತೆಗೆದಿಟ್ಟ ಮುನ್ನೋಟವನ್ನು ತೋರಿಸುತ್ತಿರಬಹುದು. ಕಣ್ಣಿಗೆ ಮೂರೂ ಒಂದೇ. ಆದರೆ ಹೊರಗಿನ ತಂತ್ರಾಂಶದಲ್ಲಿ ತಿದ್ದಿದ್ದು ವಾಪಸ್ ಬರುವ ದಾರಿ ಮೂರಕ್ಕೂ ಬೇರೆ ಬೇರೆ. ಮುಟ್ಟುವ ಮೊದಲು ಯಾವುದನ್ನು ಮುಟ್ಟುತ್ತಿದ್ದೇವೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ನೋಡುವುದು ಸುಲಭ. ರೈಟರ್‌ನಲ್ಲಿ 'ಎಡಿಟ್' ಮೆನುವಿನ ಕೆಳಭಾಗದಲ್ಲಿ 'ಲಿಂಕ್ಸ್ ಟು ಎಕ್ಸ್‌ಟರ್ನಲ್ ಫೈಲ್ಸ್' ಇದೆ. ಅದು ಮಸುಕಾಗಿದ್ದರೆ ಎಲ್ಲವೂ ಒಳಗೇ ಇದೆ ಎಂದರ್ಥ. ತೆರೆದುಕೊಂಡರೆ ಯಾವ್ಯಾವುದು ಹೊರಗಿನ ಫೈಲನ್ನು ನಂಬಿಕೊಂಡಿದೆ ಎಂಬ ಪಟ್ಟಿ ಅಲ್ಲೇ ಸಿಗುತ್ತದೆ. ನಿಮ್ಮ ಧಾರಣೆ ಪಟ್ಟಿ ಅದರಲ್ಲಿ ಇರಲೇಬೇಕು ಎಂದು ನನ್ನ ಅಂದಾಜು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಜಿಂಪ್‌ನಲ್ಲಿ ಸೇವ್ ಮಾಡಿದ್ದು ಎಲ್ಲಿ ಹೋಯಿತು?

ನೀವು 'ಎಡಿಟ್ ವಿತ್ ಎಕ್ಸ್‌ಟರ್ನಲ್ ಟೂಲ್' ಒತ್ತಿದಾಗ ಆಗುವುದು ಇಷ್ಟು. ರೈಟರ್ ಆ ಚಿತ್ರದ ಒಂದು ಪ್ರತಿಯನ್ನು ಕಂಪ್ಯೂಟರಿನ ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತದೆ. ಆ ಬಗೆಯ ಫೈಲಿಗೆ ನಿಮ್ಮ ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶ ಡಿಫಾಲ್ಟ್ ಆಗಿದೆಯೋ ಅದರ ಕೈಗೆ ಕೊಡುತ್ತದೆ. ಆಮೇಲೆ ಅದೇ ಫೈಲು, ಅದೇ ಹೆಸರಿನದು, ಬದಲಾಯಿತೇ ಎಂದು ಆಗಾಗ ನೋಡುತ್ತಿರುತ್ತದೆ. ಬದಲಾದರೆ ಪುಟದ ಮೇಲಿನ ಚಿತ್ರವನ್ನೂ ಬದಲಿಸುತ್ತದೆ.

ಜಿಂಪ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಆ ಜೆಪೆಗ್ ಫೈಲು ಬದಲಾಗುವುದೇ ಇಲ್ಲ. 2012ರಲ್ಲಿ ಬಂದ 2.8ನೇ ಆವೃತ್ತಿಯಿಂದ ಈಚೆಗೆ ಜಿಂಪ್‌ನ 'ಸೇವ್' ಎಂದರೆ ಅದರದೇ ಎಕ್ಸ್‌ಸಿಎಫ್ ಫೈಲು ಮಾತ್ರ. ನೀವು ತಿದ್ದಿದ್ದೆಲ್ಲ ಎಕ್ಸ್‌ಸಿಎಫ್ ಆಗಿ ಪಕ್ಕದಲ್ಲೇ ಕೂತಿದೆ, ರೈಟರ್ ಕಾಯುತ್ತಿರುವ ಜೆಪೆಗ್ ಮಾತ್ರ ಹಾಗೇ ಇದೆ. 'ಫೈಲ್' ಮೆನುವಿನಲ್ಲಿ 'ಓವರ್‌ರೈಟ್' ಎಂದಿದ್ದು, ಮುಂದೆ ಫೈಲಿನ ಹೆಸರೂ ಇರುತ್ತದೆ. ಅದನ್ನು ಒತ್ತಬೇಕು. ಬಳಿಕ ಜಿಂಪ್ ಮುಚ್ಚುವಾಗ 'ಬದಲಾವಣೆ ಸೇವ್ ಆಗಿಲ್ಲ' ಎಂದು ಹೆದರಿಸುತ್ತದೆ. ಅದು ಕೇಳುತ್ತಿರುವುದು ಎಕ್ಸ್‌ಸಿಎಫ್ ಬಗ್ಗೆ. ಓವರ್‌ರೈಟ್ ಆಗಿದ್ದರೆ 'ಡಿಸ್ಕಾರ್ಡ್ ಚೇಂಜಸ್' ಕೊಟ್ಟು ಧೈರ್ಯವಾಗಿ ಮುಚ್ಚಿ.

ಇನ್ನು ಕೆಲವು ಕಡೆ ಕೈತಪ್ಪುತ್ತದೆ. ತಿದ್ದುತ್ತಿರುವಾಗ ರೈಟರ್‌ನಲ್ಲಿ ಆ ಚಿತ್ರ ಆಯ್ಕೆಯಲ್ಲೇ ಇರಲಿ, ಬೇರೆ ಚಿತ್ರದ ಮೇಲೆ ಕ್ಲಿಕ್ ಮಾಡಬೇಡಿ. ಒಂದು ಸಲಕ್ಕೆ ಒಂದೇ ಚಿತ್ರ. ಮಧ್ಯದಲ್ಲಿ ಡಾಕ್ಯುಮೆಂಟ್ ಮುಚ್ಚಿದರೆ ಕೊಂಡಿ ಕಡಿದುಹೋಗುತ್ತದೆ. ಆಮೇಲೆ ಎಷ್ಟು ಓವರ್‌ರೈಟ್ ಮಾಡಿದರೂ ಅದು ಯಾರೂ ನೋಡದ ತಾತ್ಕಾಲಿಕ ಫೈಲಿಗೆ ಹೋಗುತ್ತದೆ. ಚಿತ್ರ ಬದಲಾಗಿ ಕಂಡ ಮೇಲೆ ಡಾಕ್ಯುಮೆಂಟನ್ನೂ ಸೇವ್ ಮಾಡಬೇಕು; ಎರಡು ಕಡೆ ಎರಡು ಸೇವ್. ಆಷಾಢದಲ್ಲಿ ನಿಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲವಲ್ಲ. ಲಿಬ್ರೆಆಫೀಸಿನ ಆಟೊರಿಕವರಿ ತಾನಾಗಿ 10 ನಿಮಿಷಕ್ಕೆ ಇರುತ್ತದೆ. 'ಟೂಲ್ಸ್', 'ಆಪ್ಷನ್ಸ್', 'ಲೋಡ್/ಸೇವ್', 'ಜನರಲ್' ಇಲ್ಲಿಗೆ ಹೋಗಿ 3 ನಿಮಿಷಕ್ಕೆ ಇಳಿಸಿಕೊಳ್ಳಿ.

ಒಂದು ಚಿತ್ರ ಜಿಂಪ್‌ನಲ್ಲಿ, ಇನ್ನೊಂದು ವಿಂಡೋಸ್‌ನ ಫೋಟೋಸ್‌ನಲ್ಲಿ ತೆರೆದುಕೊಂಡರೆ ಗಾಬರಿ ಬೇಡ. ಜೆಪೆಗ್‌ಗೆ ಒಂದು, ಪಿಎನ್‌ಜಿಗೆ ಒಂದು ಹೀಗೆ ಡಿಫಾಲ್ಟ್ ಬೇರೆ ಬೇರೆ ಇರುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಆ್ಯಪ್ಸ್'ನಲ್ಲಿ ಒಂದೊಂದಕ್ಕೂ ಜಿಂಪ್ ಕೊಡಿ, ಗೆರೆಚಿತ್ರದ ಎಸ್‌ವಿಜಿ ಫೈಲಿಗೆ ಇಂಕ್‌ಸ್ಕೇಪ್ ತಂತ್ರಾಂಶ ಕೊಡಿ. ಫೋಟೋಸ್‌ನಲ್ಲೇ ತಿದ್ದುವವರು 'ಸೇವ್ ಆ್ಯಸ್ ಕಾಪಿ' ಒತ್ತಿದರೆ ಹೊಸ ಫೈಲು ಹುಟ್ಟುತ್ತದೆ, ರೈಟರ್‌ಗೆ ಅದರ ಸುದ್ದಿ ತಲುಪುವುದಿಲ್ಲ. ಉಬುಂಟು ಬಳಸುವವರಲ್ಲಿ ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ ರೂಪದ (ತನ್ನದೇ ಬೇಲಿಯೊಳಗೆ ಓಡುವ) ಜಿಂಪ್ ಇದ್ದರೆ ಅದಕ್ಕೆ ರೈಟರ್‌ನ ತಾತ್ಕಾಲಿಕ ಫೋಲ್ಡರ್ ಕಾಣದೆ ಫೈಲೇ ತೆರೆಯದಿರಬಹುದು. ಅಂಥಲ್ಲಿ ಮಾಮೂಲಿ ಪ್ಯಾಕೇಜಿನ ಜಿಂಪ್ ಹಾಕಿಕೊಳ್ಳುವುದೇ ಪರಿಹಾರ.

48 ಫೋಟೊಗಳಿಗೆ ಈ ದಾರಿ ಬೇಡ

ದಾರಿ ತೋರಿಸಿದ ಮೇಲೂ ಹೇಳುತ್ತೇನೆ: ಮುಖ್ಯ ಫೋಟೊಗಳಿಗೆ ಇದನ್ನು ಬಳಸಬೇಡಿ. ಮೂಲೆಯಲ್ಲಿ ಬಂದ ಬೆರಳನ್ನು ತೆಗೆಯುವುದು, ಒಂದು ಬಾಣದ ಗುರುತು ಸೇರಿಸುವುದು, ಇಷ್ಟಕ್ಕೆ ಅದು ಸರಿ. ಜೆಪೆಗ್ ಫೈಲು ಪ್ರತಿ ಸಲ ಓವರ್‌ರೈಟ್ ಆದಾಗಲೂ ಮತ್ತೆ ಹಿಂಡಿಸಿಕೊಳ್ಳುತ್ತದೆ. ನಾಲ್ಕೈದು ಸಲ ಹಾಗೆ ಮಾಡಿದರೆ ಸೋಗೆಯ ಅಂಚು, ಚುಕ್ಕಿಯ ಅಂಚು ಮಬ್ಬಾಗುತ್ತಾ ಹೋಗುತ್ತವೆ. ಮೂಲ ಚಿತ್ರವೂ ಉಳಿಯುವುದಿಲ್ಲ.

ಬದಲಿಗೆ ಮೂರು ಫೋಲ್ಡರ್ ಮಾಡಿ: ಮೂಲ, ಕೆಲಸ, ಅಚ್ಚು. ಫೋನಿನಿಂದ ಬಂದದ್ದು ಮೂಲದಲ್ಲಿ, ಅದನ್ನು ಮುಟ್ಟುವಂತಿಲ್ಲ. ಜಿಂಪ್‌ನ ಎಕ್ಸ್‌ಸಿಎಫ್ ಫೈಲುಗಳು ಕೆಲಸದಲ್ಲಿ. ತಿದ್ದಿ ಮುಗಿಸಿ 'ಎಕ್ಸ್‌ಪೋರ್ಟ್ ಆ್ಯಸ್' ಕೊಟ್ಟ ಜೆಪೆಗ್ ಅಚ್ಚಿನಲ್ಲಿ. ಮೂರರಲ್ಲೂ ಹೆಸರು ಒಂದೇ ಇರಲಿ, 'ಕೊಳೆ 07' ಎಂದರೆ ಎಲ್ಲ ಕಡೆ 'ಕೊಳೆ 07'. ರೈಟರ್‌ನಲ್ಲಿ ಹಳೆಯ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಪ್ಲೇಸ್' ಕೊಟ್ಟು ಅಚ್ಚಿನ ಫೈಲನ್ನು ಆರಿಸಿ. ಚಿತ್ರ ಕೂತ ಜಾಗ, ಸುತ್ತ ಅಕ್ಷರ ಹರಿಯುವ ರೀತಿ, ಕೆಳಗಿನ ಶೀರ್ಷಿಕೆ ಎಲ್ಲ ಹಾಗೇ ಉಳಿಯುತ್ತವೆ. ಮೊದಲೇ ರೈಟರ್‌ನಲ್ಲಿ ಕ್ರಾಪ್ ಮಾಡಿದ್ದರೆ ಅದನ್ನು ಸೊನ್ನೆಗೆ ತಂದು ಆಮೇಲೆ ಬದಲಿಸಿ. ಇಲ್ಲದಿದ್ದರೆ ಹಳೆಯ ಕ್ರಾಪ್ ಅಳತೆ ಹೊಸ ಚಿತ್ರದ ಮೇಲೆ ಕೂತು ತಲೆಯೋ ಬುಡವೋ ಕತ್ತರಿಸಿಹೋಗುತ್ತದೆ. ಉದ್ದಗಲದ ಅನುಪಾತ ಬದಲಾಗಿದ್ದರೆ ಚಿತ್ರ ಎಳೆದಂತೆ ಕಾಣುತ್ತದೆ. 'ಪ್ರಾಪರ್ಟೀಸ್'ನಲ್ಲಿ 'ಒರಿಜಿನಲ್ ಸೈಜ್' ಒತ್ತಿ, 'ಕೀಪ್ ರೇಷಿಯೊ' ಗುರುತು ಹಾಕಿ, ಮತ್ತೆ ಅಗಲ ಕೊಡಿ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಮದುವೆ ಆಲ್ಬಮ್ ಅಲ್ಲ, ರೋಗ ಗುರುತಿಸುವ ಪುಸ್ತಕ. ಎಲೆಚುಕ್ಕಿಯ ಗುರುತು ಇರುವುದೇ ಕಂದು ಚುಕ್ಕಿ ಮತ್ತು ಅದರ ಸುತ್ತಲಿನ ಹಳದಿ ಉಂಗುರದಲ್ಲಿ. 'ಸ್ಯಾಚುರೇಶನ್' ಏರಿಸಿದರೆ ಪಕ್ಕದ ಆರೋಗ್ಯವಾದ ಎಳೆಹಸಿರೂ ಹಳದಿಗೆ ತಿರುಗಿ, ಇಡೀ ಸೋಗೆಯೇ ರೋಗ ಬಂದಂತೆ ಕಾಣುತ್ತದೆ. ಫೋನಿನ 'ಆಟೊ ಎನ್‌ಹ್ಯಾನ್ಸ್' ಮಾಡುವುದೂ ಇದೇ. ಕೊಳೆಯಲ್ಲಿ ಮೊದಲು ಕಾಣುವುದು ತೊಟ್ಟಿನ ಹತ್ತಿರ ನೀರಿನಲ್ಲಿ ನೆನೆದಂಥ ಕಡುಹಸಿರು ಕಲೆ. 'ಕಾಂಟ್ರಾಸ್ಟ್' ಹೆಚ್ಚಿಸಿದರೆ ಆ ಕಲೆ ನೆರಳಿನ ಕಪ್ಪಿನಲ್ಲಿ ಸೇರಿಹೋಗುತ್ತದೆ. ಆಮೇಲೆ ಕಾಯಿಯ ಮೇಲೆ ಬೆಳೆಯುವ ಬಿಳಿ ಬೂಷ್ಟು ಬೆಳಕು ಹೆಚ್ಚಿಸಿದರೆ ಸಾದಾ ಬಿಳಿಯಾಗಿ ನುಣ್ಣಗೆ ಕಾಣುತ್ತದೆ. ಪುಸ್ತಕ ಹಿಡಿದು ತೋಟಕ್ಕೆ ಹೋದವರಿಗೆ ಗುರುತು ಸಿಗದಿದ್ದರೆ ಚಂದದ ಚಿತ್ರದಿಂದ ಏನು ಬಂತು?

ಹಾಗಾಗಿ ಮಾಡಬೇಕಾದ್ದು ಕಡಿಮೆ. ಮಳೆಗಾಲದ ತೋಟದ ಬೆಳಕಿನಲ್ಲಿ ಇಡೀ ಫೋಟೊ ಹಸಿರು ಅಥವಾ ನೀಲಿಗೆ ವಾಲಿರುತ್ತದೆ, ಅದೊಂದನ್ನು ಸರಿಪಡಿಸಿ. ಜಿಂಪ್‌ನ 'ಕಲರ್ಸ್' ಮೆನುವಿನ 'ಲೆವೆಲ್ಸ್' ತೆರೆದರೆ ಮೂರು ಡ್ರಾಪರ್ ಗುರುತು ಸಿಗುತ್ತವೆ. ನಡುವಿನ ಬೂದು ಡ್ರಾಪರ್ ಹಿಡಿದು, ಫೋಟೊದಲ್ಲಿ ನಿಜಕ್ಕೂ ಬೂದು ಅಥವಾ ಬಿಳಿ ಇದ್ದ ಜಾಗವನ್ನು ಒತ್ತಿ. ಇನ್ನೂ ತೆಗೆಯಬೇಕಾದ ಫೋಟೊಗಳಿದ್ದರೆ ಸೋಗೆಯ ಪಕ್ಕ ಒಂದು ತುಂಡು ಬಿಳಿ ಹಾಳೆ ಇಟ್ಟು ತೆಗೆಯಲು ಹೇಳಿ, ಒತ್ತುವ ಜಾಗ ಗ್ಯಾರಂಟಿ ಸಿಗುತ್ತದೆ, ಆಮೇಲೆ ಕ್ರಾಪ್ ಮಾಡಿದರಾಯಿತು. ಬಣ್ಣ ಮೊದಲು, ಅಳತೆ ಇಳಿಸುವುದು ಆಮೇಲೆ, 'ಶಾರ್ಪನ್' ಬೇಕಿದ್ದರೆ ಕಟ್ಟಕಡೆಗೆ ಸ್ವಲ್ಪವೇ. ಕ್ರಮ ತಪ್ಪಿದರೆ ಚುಕ್ಕಿಯ ಸುತ್ತ ಇಲ್ಲದ ಬಿಳಿ ಗೆರೆ ಮೂಡುತ್ತದೆ, ಓದುವವರು ಅದನ್ನೂ ರೋಗಲಕ್ಷಣ ಎಂದುಕೊಳ್ಳುತ್ತಾರೆ.

210 ಎಂಬಿ ಆಗಿದ್ದು ಹೇಗೆ

ಈಗಿನ ಮಾಮೂಲಿ ಫೋನಿನ ಫೋಟೊ 4000 ಪಿಕ್ಸೆಲ್ ಅಗಲ, 3000 ಎತ್ತರ, ಒಂದೊಂದು 4-5 ಎಂಬಿ. 48 ಅಂದರೆ ಅಲ್ಲೇ 200ರ ಆಸುಪಾಸು. ಎ4 ಹಾಳೆಯಲ್ಲಿ ಎರಡೂ ಬದಿಗೆ 2 ಸೆಂಟಿಮೀಟರ್ ಬಿಟ್ಟರೆ ಉಳಿಯುವ ಅಗಲ 17 ಸೆಂಟಿಮೀಟರ್. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕೆಂದರೂ 17 ಭಾಗಿಸು 2.54, ಗುಣಿಸು 300, ಅಂದರೆ ಸುಮಾರು 2008 ಪಿಕ್ಸೆಲ್ ಸಾಕು. ಅರ್ಧ ಪುಟದ ಅಗಲದಲ್ಲಿ, 8 ಸೆಂಟಿಮೀಟರಿನಲ್ಲಿ ಕೂರುವ ಚಿತ್ರಕ್ಕೆ 945 ಪಿಕ್ಸೆಲ್ ಸಾಕು. ಮಿಕ್ಕಿದ್ದೆಲ್ಲ ಸುಮ್ಮನೆ ಹೊರೆ. ಜಿಂಪ್‌ನ 'ಇಮೇಜ್', 'ಸ್ಕೇಲ್ ಇಮೇಜ್'ನಲ್ಲಿ ಅಗಲ ಕೊಟ್ಟು, ಜೆಪೆಗ್ ಗುಣಮಟ್ಟ 90 ಇಟ್ಟು ಎಕ್ಸ್‌ಪೋರ್ಟ್ ಮಾಡಿದರೆ ದೊಡ್ಡ ಚಿತ್ರವೂ ಸಾಮಾನ್ಯವಾಗಿ ಒಂದು ಎಂಬಿ ಆಸುಪಾಸಿಗೆ ಬರುತ್ತದೆ.

ಫೈಲು ಉಬ್ಬಲು ಇನ್ನೊಂದು ಕಾರಣ ಕಾಪಿ-ಪೇಸ್ಟ್. ಚಿತ್ರವನ್ನು ಬೇರೆ ಕಿಟಕಿಯಲ್ಲಿ ಕಾಪಿ ಮಾಡಿ ರೈಟರ್‌ನಲ್ಲಿ ಪೇಸ್ಟ್ ಮಾಡಿದರೆ ಅದು ಹೆಚ್ಚಾಗಿ ಪಿಎನ್‌ಜಿ ಆಗಿ ಕೂರುತ್ತದೆ. ಪಿಎನ್‌ಜಿ ಒಂದು ಪಿಕ್ಸೆಲನ್ನೂ ಬಿಟ್ಟುಕೊಡುವುದಿಲ್ಲ. ಗೆರೆಚಿತ್ರಕ್ಕೆ, ಸ್ಕ್ರೀನ್‌ಶಾಟ್‌ಗೆ ಅದು ಒಳ್ಳೆಯದು. ಎಲೆ, ಕಾಯಿ, ಹುಲ್ಲು ತುಂಬಿದ ತೋಟದ ಫೋಟೊಗೆ ಅಲ್ಲ. 12 ಮೆಗಾಪಿಕ್ಸೆಲಿನ ಚಿತ್ರದ ಹಸಿ ದತ್ತಾಂಶವೇ 36 ಎಂಬಿ, ಪಿಎನ್‌ಜಿ ಅದನ್ನು ಹಿಂಡಿದರೂ ಜೆಪೆಗ್‌ನ ಹಲವು ಪಟ್ಟು ಉಳಿಯುತ್ತದೆ. ಆದ್ದರಿಂದ ಯಾವಾಗಲೂ 'ಇನ್ಸರ್ಟ್', 'ಇಮೇಜ್' ಮೂಲಕವೇ ಸೇರಿಸಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳದ್ದು ಇದಕ್ಕೆ ಉಲ್ಟಾ ಕಥೆ. ಮಾಮೂಲಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿಯುತ್ತದೆ. 300ರ ಲೆಕ್ಕದಲ್ಲಿ 13.5 ಸೆಂಟಿಮೀಟರಿಗೆ ಅದು ಮುಗಿಯಿತು, ಮೇಲಾಗಿ ಹಿಂಡಿಸಿಕೊಂಡೂ ಇರುತ್ತದೆ. ಹೊಸನಗರದಿಂದಲೋ ಸಾಗರದಿಂದಲೋ ಫೋಟೊ ಕಳಿಸುವವರಿಗೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಲು ಹೇಳಿ. ಸಣ್ಣ ಚಿತ್ರವನ್ನು ಜಿಂಪ್‌ನಲ್ಲಿ ಹಿಗ್ಗಿಸಿ 2008 ಮಾಡಿದರೆ ಪಿಕ್ಸೆಲ್ ಹೆಚ್ಚುತ್ತದೆ, ವಿವರ ಹುಟ್ಟುವುದಿಲ್ಲ.

ಫೋನಿನ ಫೋಟೊದೊಳಗೆ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ. ಫೋನ್ ಅಡ್ಡ ಹಿಡಿದಿದ್ದೇ, ನೆಟ್ಟಗೆ ಹಿಡಿದಿದ್ದೇ ಎಂಬುದು ಅದರಲ್ಲಿ ಬರೆದಿರುತ್ತದೆ. ಕೆಲವು ತಂತ್ರಾಂಶ ಅದನ್ನು ಓದುತ್ತವೆ, ಕೆಲವು ಓದುವುದಿಲ್ಲ. ಜಿಂಪ್‌ನಲ್ಲಿ ನೆಟ್ಟಗಿದ್ದ ಮರ ಡಾಕ್ಯುಮೆಂಟಿನಲ್ಲಿ ಮಲಗುವುದು ಇದರಿಂದ. ಜಿಂಪ್ ತೆರೆಯುವಾಗ ತಿರುಗಿಸಲೇ ಎಂದು ಕೇಳಿದರೆ 'ರೊಟೇಟ್' ಎನ್ನಿ. ಅದೇ ಟಿಪ್ಪಣಿಯಲ್ಲಿ ಫೋಟೊ ತೆಗೆದ ತೋಟದ ಜಿಪಿಎಸ್ ಗುರುತೂ ಇರಬಹುದು. ರೋಗ ಬಂದ ತೋಟ ಯಾರದೆಂದು ಊರಿಗೆಲ್ಲ ತಿಳಿಯುವುದು ಎಲ್ಲರಿಗೂ ಒಪ್ಪಿಗೆಯಿರಲಿಕ್ಕಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ 'ಸೇವ್ ಎಕ್ಸಿಫ್ ಡೇಟಾ' ಗುರುತು ತೆಗೆಯಿರಿ.

ಧಾರಣೆ ಪಟ್ಟಿಯಲ್ಲಿ ಹೋದ ವರ್ಷದ ಅಂಕಿ

ಎಕ್ಸೆಲ್ ಪಟ್ಟಿಯನ್ನು ಆಬ್ಜೆಕ್ಟ್ ಆಗಿ ಸೇರಿಸುವಾಗ 'ಲಿಂಕ್ ಟು ಫೈಲ್' ಗುರುತು ಹಾಕಿದ್ದಿರಬೇಕು. ಆಗ ಡಾಕ್ಯುಮೆಂಟಿನಲ್ಲಿ ಉಳಿಯುವುದು ನಿಮ್ಮ ಕಂಪ್ಯೂಟರಿನ ವಿಳಾಸ ಮತ್ತು ಒಂದು ಮುನ್ನೋಟ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಗಳು ಸಾಲಾಗಿ ಕಾಣುವ ಪಟ್ಟಿ ಪಟ್ಟಿಯೇ ಅಲ್ಲ, ಪಟ್ಟಿಯ ಚಿತ್ರ. ಈ ವರ್ಷದ ಅಂಕಿಯನ್ನು ನೀವು ಎಕ್ಸೆಲ್‌ನಲ್ಲಿ ತುಂಬಿದಿರಿ, ಆದರೆ ಮುನ್ನೋಟ ಹೊಸದಾಗುವ ಮೊದಲೇ ಫೈಲು ಪ್ರೆಸ್‌ಗೆ ಹೋಯಿತು. ಪ್ರೆಸ್‌ನವರ ಕಂಪ್ಯೂಟರಿನಲ್ಲಿ ಆ ವಿಳಾಸಕ್ಕೆ ಹೋದರೆ ಏನೂ ಇಲ್ಲ. ಹಾಗಾಗಿ ಹಳೆಯ ಮುನ್ನೋಟವನ್ನೇ ತೋರಿಸಿತು. ಪ್ರೆಸ್‌ನವರದ್ದು ತಪ್ಪಲ್ಲ.

ಕಳಿಸುವ ಮುಂಚೆ 'ಟೂಲ್ಸ್', 'ಅಪ್‌ಡೇಟ್', 'ಅಪ್‌ಡೇಟ್ ಆಲ್' ಒತ್ತಿ ಅಂಕಿಗಳನ್ನು ಕಣ್ಣಾರೆ ನೋಡಿ. ಆಮೇಲೆ 'ಲಿಂಕ್ಸ್ ಟು ಎಕ್ಸ್‌ಟರ್ನಲ್ ಫೈಲ್ಸ್'ನಲ್ಲಿ 'ಬ್ರೇಕ್ ಲಿಂಕ್' ಕೊಟ್ಟು ಕಳಿಸಿ. ನಿಮ್ಮ ಬಳಿ ಲಿಂಕ್ ಇರುವ ಪ್ರತಿಯೊಂದು ಬೇರೆಯಾಗಿ ಇರಲಿ. ವರ್ಡ್‌ನಲ್ಲಿ ಇದೇ ಕೆಲಸಕ್ಕೆ ಎಲ್ಲವನ್ನೂ ಆಯ್ದು ಎಫ್9 ಒತ್ತಿದರೆ ಹೊಸದಾಗುತ್ತದೆ, ಆಬ್ಜೆಕ್ಟನ್ನು ಆಯ್ದು ಕಂಟ್ರೋಲ್ ಶಿಫ್ಟ್ ಎಫ್9 ಒತ್ತಿದರೆ ಕೊಂಡಿ ಕಡಿದು ಅಲ್ಲೇ ನಿಲ್ಲುತ್ತದೆ. ವರ್ಡ್‌ಗೆ ಎಕ್ಸೆಲ್‌ನ ಚಾರ್ಟ್ ಪೇಸ್ಟ್ ಮಾಡಿದಾಗ ಅದು ತಾನಾಗಿ ಲಿಂಕ್ ರೂಪದಲ್ಲೇ ಬರುತ್ತದೆ ಎಂಬುದನ್ನು ನಿಮ್ಮ ಕಾರ್ಯದರ್ಶಿಯವರಿಗೂ ಹೇಳಿ.

ಲಿಂಕ್ ಇಲ್ಲದೆ ಒಳಗೇ ಕೂತ ಪಟ್ಟಿಯಲ್ಲಿ ತೊಂದರೆ ಬೇರೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಲ್ಲೇ ಸಾಲು-ಕಾಲಂ ತೆರೆದುಕೊಳ್ಳುತ್ತವೆ. ಮುಚ್ಚುವಾಗ ಯಾವ ಹಾಳೆ, ಯಾವ ಸಾಲು ಕಾಣುತ್ತಿತ್ತೋ ಅದೇ ಪುಟದ ಮೇಲೆ ನಿಲ್ಲುತ್ತದೆ. ತಿದ್ದುವಾಗ ಕೆಳಕ್ಕೆ ಸ್ಕ್ರಾಲ್ ಮಾಡಿ ಹಾಗೇ ಹೊರಗೆ ಕ್ಲಿಕ್ ಮಾಡಿದರೆ ತಲೆಸಾಲು ಮಾಯ. ಮೇಲಕ್ಕೆ ಬಂದು ಆಮೇಲೆ ಮುಚ್ಚಿ. ಹೆಚ್ಚು ಸಾಲು ಕಾಣಬೇಕೆಂದರೆ ಡಬಲ್ ಕ್ಲಿಕ್ ಮಾಡಿ ಒಳಗಿದ್ದಾಗಲೇ ಅಂಚಿನ ಹಿಡಿ ಎಳೆಯಬೇಕು. ಹೊರಗಿನಿಂದ ಎಳೆದರೆ ಅಕ್ಷರಗಳು ರಬ್ಬರಿನಂತೆ ಎಳೆದುಕೊಳ್ಳುತ್ತವೆ ಅಷ್ಟೆ.

ಇದಕ್ಕಿಂತ ದೊಡ್ಡ ಮಾತು ಇದು. ಒಳಗೆ ಕೂರುವುದು ನೀವು ಕಂಡ ಹತ್ತು ಸಾಲಷ್ಟೇ ಅಲ್ಲ, ಆ ಎಕ್ಸೆಲ್ ಫೈಲಿನ ಎಲ್ಲ ಹಾಳೆಗಳೂ. ಸಂಘದ ಲೆಕ್ಕದ ಫೈಲಿನಿಂದ ಧಾರಣೆ ಹಾಳೆ ತೆಗೆದಿದ್ದರೆ, ಪಕ್ಕದ ಹಾಳೆಯಲ್ಲಿರುವ ಸದಸ್ಯರ ಹೆಸರು, ಯಾರು ಎಷ್ಟು ಅಡಿಕೆ ಹಾಕಿದರು, ಯಾರ ಸಾಲ ಎಷ್ಟು ಬಾಕಿ, ಎಲ್ಲವೂ ಕೈಪಿಡಿಯ ಜೊತೆ ಪ್ರೆಸ್‌ಗೆ ಹೋಗುತ್ತದೆ. ಡಬಲ್ ಕ್ಲಿಕ್ ಮಾಡಿದವರಿಗೆಲ್ಲ ಕಾಣುತ್ತದೆ. ಇವತ್ತೇ ನೋಡಿಕೊಳ್ಳಿ. ಬೇಕಾದ ಹಾಳೆಯನ್ನಷ್ಟೇ ಹೊಸ ಎಕ್ಸೆಲ್ ಫೈಲಿಗೆ, ಸೂತ್ರ ಬಿಟ್ಟು ಅಂಕಿ ಮಾತ್ರ ಪೇಸ್ಟ್ ಮಾಡಿ, ಅದನ್ನು ಸೇರಿಸಿ. ಕ್ರಾಪ್ ಮಾಡಿದ ಚಿತ್ರಕ್ಕೂ ಈ ಮಾತು ಅನ್ವಯ. ಪುಟದಲ್ಲಿ ಕತ್ತರಿಸಿದ ಭಾಗ ಫೈಲಿನೊಳಗೆ ಹಾಗೇ ಇರುತ್ತದೆ. ಯಾರದಾದರೂ ಮುಖ, ಪಾಸ್‌ಬುಕ್ ಪುಟ ಮರೆಮಾಡಬೇಕಾದರೆ ಜಿಂಪ್‌ನಲ್ಲಿ ಕತ್ತರಿಸಿ ಹೊಸ ಫೈಲು ಮಾಡಿ ಸೇರಿಸಿ.

ಬೋರ್ಡೊ ಪಟ್ಟಿಯನ್ನಂತೂ ದಯವಿಟ್ಟು ಆಬ್ಜೆಕ್ಟ್ ಆಗಿ ಇಡಬೇಡಿ. ಶೇ. 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಧಾರಣೆ ಹಳೆಯದಾದರೆ ಜನ ಬೈದು ಸುಮ್ಮನಾಗುತ್ತಾರೆ. ಇಲ್ಲಿ ಒಂದು ಸೊನ್ನೆ ಹಳೆಯ ಮುನ್ನೋಟದಲ್ಲಿ ತಪ್ಪಿ ಅಚ್ಚಾದರೆ ಒಂದು ವರ್ಷದ ಫಸಲಿನ ಪ್ರಶ್ನೆ. ರೈಟರ್‌ನ 'ಟೇಬಲ್' ಮೆನುವಿನಿಂದ ಹೊಸ ಟೇಬಲ್ ಹಾಕಿ ಕೈಯಲ್ಲೇ ಟೈಪ್ ಮಾಡಿ. ನಾಲ್ಕು ಸಾಲಿಗೆ ಎಕ್ಸೆಲ್ ಬೇಕಿಲ್ಲ.

ಅಕ್ಷರದ ಜಾಗದಲ್ಲಿ ಗುರುತುಗಳು

ಆ ಎಕ್ಸೆಲ್ ಹಾಳೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದೆ ಎಂದು ಕಾಣುತ್ತದೆ. ಯುನಿಕೋಡ್ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಪ್ರೆಸ್‌ನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ, ತಲೆಯ ಮೇಲೆ ಸೊನ್ನೆ, ಗೆರೆ ಹೊತ್ತ ರೋಮನ್ ಅಕ್ಷರಗಳು ಕಾಣುತ್ತವೆ. ಮುನ್ನೋಟ ಚಿತ್ರವೇ ಅಲ್ಲವೇ, ಅದರಲ್ಲೇಕೆ ಕೆಟ್ಟಿತು ಎಂದು ನೀವು ಕೇಳಬಹುದು. ಆಬ್ಜೆಕ್ಟಿನ ಮುನ್ನೋಟ ಫೋಟೊದಂಥದ್ದಲ್ಲ. 'ಇಲ್ಲಿ ಗೆರೆ ಎಳೆ, ಇಲ್ಲಿ ಈ ಫಾಂಟಿನಲ್ಲಿ ಈ ಅಕ್ಷರ ಬರೆ' ಎಂಬ ಸೂಚನೆಗಳ ಕಟ್ಟು ಅದು. ಫಾಂಟ್ ಇಲ್ಲದಲ್ಲಿ ಅದೂ ಕೆಡುತ್ತದೆ.

ಎಕ್ಸೆಲ್ ಹಾಳೆಯನ್ನು ನುಡಿಯ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಫಾಂಟನ್ನು ನಿರ್ಮಲಾ ಅಥವಾ ನೋಟೊ ಸ್ಯಾನ್ಸ್ ಕನ್ನಡ ಮಾಡಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ, ಪರಿವರ್ತಕ ಎಡವುವುದು ಅಲ್ಲೇ. ಲಿಬ್ರೆಆಫೀಸಿನಲ್ಲಿ ಕನ್ನಡದ ಫಾಂಟು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ವಿಭಾಗದಲ್ಲಿ ಬರುತ್ತದೆ. 'ವೆಸ್ಟರ್ನ್' ವಿಭಾಗದಲ್ಲಿ ಬದಲಿಸುತ್ತಾ ಕೂತರೆ ಏನೂ ಬದಲಾಗುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಎಸ್‌ವಿಜಿ ಚಿತ್ರದ ಮೇಲೆ ಕನ್ನಡ ಹೆಸರುಗಳಿದ್ದರೆ, ಅಚ್ಚಿಗೆ ಕೊಡುವ ಪ್ರತಿಯಲ್ಲಿ ಮಾತ್ರ 'ಪಾತ್', 'ಆಬ್ಜೆಕ್ಟ್ ಟು ಪಾತ್' ಕೊಟ್ಟು ಅಕ್ಷರಗಳನ್ನು ಆಕಾರವಾಗಿಸಿ. ಅದಾದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಆದ್ದರಿಂದ ಮೂಲ ಜೋಪಾನ.

ವರ್ಡ್‌ನಲ್ಲಿ ಏನು ಮಾಡುವುದು

ಈಗಿನ ವರ್ಡ್‌ನಲ್ಲಿ ಫೋಟೊವನ್ನು ಹೊರಗಿನ ತಂತ್ರಾಂಶಕ್ಕೆ ಕೊಟ್ಟು ವಾಪಸ್ ತರುವ ಆಯ್ಕೆ ಇಲ್ಲ. ಸುಲಭದ ದಾರಿ, ಅಚ್ಚು ಫೋಲ್ಡರಿನ ಫೈಲನ್ನು ರೈಟ್ ಕ್ಲಿಕ್, 'ಚೇಂಜ್ ಪಿಕ್ಚರ್' ಮೂಲಕ ಕೂರಿಸುವುದು. ಮೂಲ ಫೋಟೊ ಕಳೆದುಹೋಗಿ ಡಾಕ್ಯುಮೆಂಟಿನಲ್ಲಿ ಮಾತ್ರ ಉಳಿದಿದ್ದರೆ ಇನ್ನೊಂದು ದಾರಿ ಇದೆ. ಡಾಕ್ಸ್ ಫೈಲು ಎಂದರೆ ಒಂದು ಜಿಪ್ ಕಟ್ಟು. ಮೊದಲು ಫೈಲಿನ ಇನ್ನೊಂದು ಪ್ರತಿ ಮಾಡಿ. ವಿಂಡೋಸ್ ಎಕ್ಸ್‌ಪ್ಲೋರರ್‌ನ 'ವ್ಯೂ'ನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಗುರುತು ಹಾಕಿ, ಹೆಸರಿನ ಬಾಲದ ಡಾಕ್ಸ್ ತೆಗೆದು ಜಿಪ್ ಎಂದು ಬದಲಿಸಿ ತೆರೆಯಿರಿ. 'ವರ್ಡ್' ಫೋಲ್ಡರಿನೊಳಗೆ 'ಮೀಡಿಯಾ' ಎಂಬ ಫೋಲ್ಡರಿನಲ್ಲಿ ಚಿತ್ರಗಳೆಲ್ಲ ಸಿಗುತ್ತವೆ, 'ಎಂಬೆಡಿಂಗ್ಸ್' ಎಂಬಲ್ಲಿ ಎಕ್ಸೆಲ್ ಪಟ್ಟಿಗಳು. ರೈಟರ್‌ನ ಒಡಿಟಿ ಫೈಲಿನಲ್ಲಿ ಇದೇ ಜಾಗಕ್ಕೆ 'ಪಿಕ್ಚರ್ಸ್' ಎಂದು ಹೆಸರು.

ಚಿತ್ರವನ್ನು ಹೊರಗೆ ಎಳೆದುಕೊಂಡು, ತಿದ್ದಿ, ಅದೇ ಹೆಸರು ಅದೇ ಬಾಲದಲ್ಲಿ ಜಿಪ್ ಒಳಗೆ ಎಳೆದು ಹಾಕಿ, ಜಿಪ್ ಅನ್ನು ಮತ್ತೆ ಡಾಕ್ಸ್ ಮಾಡಿದರೆ ಮುಗಿಯಿತು. ಪೂರ್ತಿ ಬಿಚ್ಚಿ ಮತ್ತೆ ಜಿಪ್ ಮಾಡಲು ಹೋಗಬೇಡಿ. ಫೋಲ್ಡರಿನೊಳಗೆ ಫೋಲ್ಡರ್ ಸೇರಿಕೊಂಡು 'ಫೈಲ್ ಕೆಟ್ಟಿದೆ' ಎನ್ನುತ್ತದೆ. ಉದ್ದಗಲದ ಅನುಪಾತವನ್ನೂ ಬದಲಿಸಬೇಡಿ: ಚಿತ್ರದ ಚೌಕಟ್ಟಿನ ಅಳತೆ ಬೇರೊಂದು ಫೈಲಿನಲ್ಲಿ ಬರೆದಿರುತ್ತದೆ, ಹೊಸ ಚಿತ್ರವನ್ನು ಎಳೆದು ಅದಕ್ಕೆ ಹೊಂದಿಸುತ್ತದೆ. ಒಂದೇ ಚಿತ್ರ ಎರಡು ಪುಟದಲ್ಲಿದ್ದರೆ ಒಳಗೆ ಒಂದೇ ಪ್ರತಿ ಇರಬಹುದು, ಬದಲಿಸಿದರೆ ಎರಡೂ ಕಡೆ ಬದಲಾಗುತ್ತದೆ.

ವರ್ಡ್ ತಾನಾಗಿ ಚಿತ್ರಗಳನ್ನು ಇಂಚಿಗೆ 220 ಪಿಕ್ಸೆಲಿಗೆ ಇಳಿಸಿಬಿಡುವುದುಂಟು. 'ಫೈಲ್', 'ಆಪ್ಷನ್ಸ್', 'ಅಡ್ವಾನ್ಸ್ಡ್' ಒಳಗೆ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಗುರುತು ಹಾಕಿದ ಮೇಲೇ ಚಿತ್ರ ಸೇರಿಸಲು ಕಾರ್ಯದರ್ಶಿಯವರಿಗೆ ಹೇಳಿ. ಒಂದೇ ಕೈಪಿಡಿ ರೈಟರ್ ಮತ್ತು ವರ್ಡ್ ನಡುವೆ ಓಡಾಡುತ್ತಿದ್ದರೆ ಲಿಬ್ರೆಆಫೀಸಿನ 'ಲೋಡ್/ಸೇವ್', 'ಮೈಕ್ರೋಸಾಫ್ಟ್ ಆಫೀಸ್' ಪುಟದಲ್ಲಿ ಎಕ್ಸೆಲ್ ಸಾಲಿನ ಎರಡೂ ಗುರುತು ಹಾಕಿ. ತೆರೆಯುವಾಗ ಕ್ಯಾಲ್ಕ್‌ಗೂ (ಲಿಬ್ರೆಆಫೀಸಿನ ಲೆಕ್ಕದ ಹಾಳೆ) ಸೇವ್ ಮಾಡುವಾಗ ಎಕ್ಸೆಲ್‌ಗೂ ಪಟ್ಟಿ ಬದಲಾಗುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ ಓಡಾಟವೇ ಬೇಡ. ಕಾರ್ಯದರ್ಶಿಯವರು ಬರಹ ತಿದ್ದಲಿ. ಚಿತ್ರ, ಪಟ್ಟಿ ನಿಮ್ಮ ಕೈಯಲ್ಲೇ ಇರಲಿ.

ಪ್ರೆಸ್‌ಗೆ ಕೊಡುವುದು ಡಾಕ್ಯುಮೆಂಟ್ ಅಲ್ಲ, ಪಿಡಿಎಫ್. ರೈಟರ್‌ನ 'ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್'ನಲ್ಲಿ ಜೆಪೆಗ್ 90, ಇಂಚಿಗೆ 300 ಎಂದು ಮೊದಲೇ ಇರುತ್ತದೆ, ಅದು ಸಾಕು. ಪ್ರೆಸ್‌ನವರು ಆ ಪಿಡಿಎಫ್ ಅನ್ನು ಲಿಬ್ರೆಆಫೀಸ್ ಡ್ರಾನಲ್ಲೋ ಕೋರೆಲ್‌ಡ್ರಾನಲ್ಲೋ ತೆರೆದು 'ಇಲ್ಲೇ ಸರಿ ಮಾಡ್ತೀವಿ' ಎಂದರೆ ಒಪ್ಪಬೇಡಿ, ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತವೆ. ತಪ್ಪು ಕಂಡರೆ ಪುಟದ ಸಂಖ್ಯೆ ಬರೆದು ಕಳಿಸಲಿ, ತಿದ್ದುವುದು ನಿಮ್ಮ ಮೂಲ ಫೈಲಿನಲ್ಲೇ. ಕೊಡುವ ಮೊದಲು ಅಕ್ರೋಬ್ಯಾಟ್ ರೀಡರ್‌ನಲ್ಲಿ 'ಪ್ರಾಪರ್ಟೀಸ್' ತೆರೆದು 'ಫಾಂಟ್ಸ್' ನೋಡಿ, ಪ್ರತಿ ಫಾಂಟಿನ ಮುಂದೆ 'ಎಂಬೆಡೆಡ್' ಎಂದಿರಬೇಕು. ಆಮೇಲೆ ಧಾರಣೆ ಪುಟ ಮತ್ತು ಎಲೆಚುಕ್ಕಿಯ ಒಂದು ಪುಟ, ಈ ಎರಡನ್ನು ಮಾತ್ರ ಪ್ರೆಸ್‌ನ ಮಷಿನ್ನಿನಲ್ಲಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೇ ಒಂದು ಪ್ರತಿ ತೆಗೆಸಿ. ಅದನ್ನು ತೋಟಕ್ಕೆ ಒಯ್ದು, ರೋಗ ಬಂದ ಸೋಗೆಯ ಪಕ್ಕ ಹಿಡಿದು ಹಳದಿ ಉಂಗುರದ ಬಣ್ಣ ಹೋಲಿಸಿ ನೋಡಿ, ಆಮೇಲೆ ಉಳಿದ 62 ಪುಟಕ್ಕೆ ಒಪ್ಪಿಗೆ ಕೊಡಿ.